ಅಂಗಳದ ಹಳೆಯ ಕಾರನ್ನು ಗುಜರಿಗೆ ಹಾಕುವ ಮೊದಲು

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಒಳನಾಡಿನ ಮನೆಗಳಿಗೆ ಹೋದರೆ ಅಡಿಕೆ ಅಂಗಳದ ಅಂಚಿನಲ್ಲೋ ಹಟ್ಟಿಯ ಪಕ್ಕದ ಮಾಡಿನಡಿಯಲ್ಲೋ ಟರ್ಪಾಲು ಹೊದ್ದು ನಿಂತ ಹಳೆಯ ಕಾರೊಂದು ಕಣ್ಣಿಗೆ ಬೀಳುವುದು ಇಂದಿಗೂ ಅಪರೂಪವಲ್ಲ. ಹೆಚ್ಚಾಗಿ ಅದು ಅಂಬಾಸಿಡರ್. ಕೆಲವೆಡೆ ಪ್ರೀಮಿಯರ್ ಪದ್ಮಿನಿ. ಗುಡ್ಡದ ಮೇಲಿನ ಮನೆಗಳಲ್ಲಿ ಜೀಪು. ಹೆರಿಗೆಗೆ, ಮದುವೆಗೆ, ಮಂಗಳೂರಿನ ಆಸ್ಪತ್ರೆಗೆ ಊರಿಡೀ ಓಡಾಡಿದ ಗಾಡಿ ಅದಾಗಿರುತ್ತದೆ.

ಇಂತಹ ಕಾರುಗಳು ಈಚೆಗೆ ಒಂದೊಂದಾಗಿ ಗುಜರಿಯವರ ಲಾರಿ ಏರುತ್ತಿವೆ. ಮಾರಿದವರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಹದಿನೈದು ವರ್ಷ ದಾಟಿದ ವಾಹನವನ್ನು ಇಟ್ಟುಕೊಳ್ಳಲು ಸರಕಾರ ಬಿಡುವುದಿಲ್ಲವಂತೆ. ಈ 'ಅಂತೆ' ಹುಟ್ಟಿದ್ದು ದೆಹಲಿಯಲ್ಲಿ. ಅಲ್ಲಿನ ವಾಯುಮಾಲಿನ್ಯದ ಕಾರಣಕ್ಕೆ ಹಳೆಯ ವಾಹನಗಳ ಮೇಲೆ ಹೇರಲಾದ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ವಾಹನಗಳ ನೋಂದಣಿ ರದ್ದಾದದ್ದು ಸರಕಾರಿ ಇಲಾಖೆಗಳ ವಾಹನಗಳಿಗೆ. ಕೇರಳದ ಖಾಸಗಿ ಕಾರಿಗೆ ಅಂತಹ ಗಡುವಿಲ್ಲ. ಮೊದಲ ನೋಂದಣಿ ಹದಿನೈದು ವರ್ಷಗಳದ್ದು. ಅನಂತರ ತಪಾಸಣೆಯಲ್ಲಿ ಕಾರು ಯೋಗ್ಯವೆಂದು ಕಂಡುಬಂದರೆ ಐದೈದು ವರ್ಷಗಳಿಗೆ ನವೀಕರಿಸುತ್ತ ಹೋಗಬಹುದು.

ಖರ್ಚು ಮಾತ್ರ ಏರಿದೆ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000ಕ್ಕೆ ಏರಿತು. 2025ರ ಆಗಸ್ಟಿನ ತಿದ್ದುಪಡಿಯ ಬಳಿಕ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಆಗಿದೆ. ರಾಜ್ಯದ ಹಸಿರು ತೆರಿಗೆ ಬೇರೆ. ಅವಧಿ ಮುಗಿದ ಮೇಲೆ ಸುಮ್ಮನೆ ಕುಳಿತರೆ ಪ್ರತಿ ತಿಂಗಳಿಗೂ 500 ರೂಪಾಯಿ ಹೆಚ್ಚುವರಿ ಶುಲ್ಕ ಬೆಳೆಯುತ್ತದೆ. ಒಂದು ವರ್ಷದ ಉದಾಸೀನಕ್ಕೆ 6,000. ಆದ್ದರಿಂದ ಹಳೆಯ ಕಾರನ್ನು ಮನೆಯಲ್ಲೇ ಸರಿಪಡಿಸಬೇಕೆಂದು ಹೊರಟವರಿಗೆ ನಾವು ಹೇಳುವ ಮೊದಲ ಮಾತು, ಬಾನೆಟ್ ತೆರೆಯುವ ಮುನ್ನ ಕಪಾಟು ತೆರೆದು ಆರ್‌ಸಿ ಪುಸ್ತಕವನ್ನು ಹುಡುಕಿ. ತುಕ್ಕು ಹಿಡಿದ ಬಾಗಿಲಿಗೆ ಮದ್ದುಂಟು. ಕಾಗದವಿಲ್ಲದ ಕಾರು ಎಷ್ಟೇ ಮಿಂಚಿದರೂ ಅಂಗಳ ದಾಟುವಂತಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಕಾಗದದ ಹುಡುಕಾಟ ಬೇರೆಡೆಗಿಂತ ತುಸು ಕಠಿಣ. 1956ರ ನವೆಂಬರ್ 1ಕ್ಕೆ ಮುನ್ನ ಈ ಊರುಗಳು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಆ ದಿನದಿಂದ ಕೇರಳದ ಭಾಗವಾಗಿ, ಬಳಿಕ ಕಣ್ಣೂರು ಜಿಲ್ಲೆಯಲ್ಲಿದ್ದು, 1984ರ ಮೇ 24ರಂದು ಪ್ರತ್ಯೇಕ ಕಾಸರಗೋಡು ಜಿಲ್ಲೆಯಾದವು. 1955ರಲ್ಲಿ ಕೊಂಡ ಲ್ಯಾಂಡ್‌ಮಾಸ್ಟರ್ ಒಂದು ಮನೆಯಂಗಳ ಬಿಟ್ಟು ಕದಲದಿದ್ದರೂ ಅದರ ಕಡತ ಮಂಗಳೂರು, ಕಣ್ಣೂರು, ಕಾಸರಗೋಡು ಎಂದು ಮೂರು ಊರು ಸುತ್ತಿರಬಹುದು. ಗಡಿ ಸರಿದಾಗ ಮನುಷ್ಯರ ದಾಖಲೆಗಳಿಗೆ ಆದದ್ದೇ ಕಾರಿಗೂ ಆಯಿತು. ಹಳೆಯ ಲೆಡ್ಜರಿನಲ್ಲಿ ಮಾತ್ರ ಉಳಿದ ವಾಹನವನ್ನು ಈಗಿನ 'ವಾಹನ್' ಗಣಕ ದಾಖಲೆಗೆ ಸೇರಿಸುವಂತೆ ಸಾರಿಗೆ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಬೇಕು. ಅದಾಗದೆ ಮುಂದಿನ ಯಾವ ಅರ್ಜಿಯೂ ಕದಲುವುದಿಲ್ಲ.

ಪುಸ್ತಕ ಸಿಕ್ಕಿತು, ಆದರೆ ಹೆಸರು ತೀರಿಹೋದ ಅಜ್ಜನದು. ಇದು ಸಾಮಾನ್ಯ ಸಂಗತಿ. ವಾರಸುದಾರರ ಹೆಸರಿಗೆ ವರ್ಗಾಯಿಸಲು 31ನೇ ನಮೂನೆಯ ಅರ್ಜಿ ಇದೆ. ಜೊತೆಗೆ ವಾರಸು ಪ್ರಮಾಣಪತ್ರ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಬೇಕು. ಕೂಡುಕುಟುಂಬದ ಕಾರಾದರೆ ಆ ಪಟ್ಟಿ ಉದ್ದವಾಗುತ್ತದೆ. ಎಂಜಿನ್ನಿಗಿಂತ ಮೊದಲು ದಾಯಾದಿಗಳನ್ನು ಒಲಿಸಿಕೊಳ್ಳಬೇಕಾಗುವ ಸಂದರ್ಭಗಳುಂಟು. ಗಡಿಯಾಚೆ ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಕೊಂಡ ಕೆಎ 19, ಕೆಎ 21 ಸಂಖ್ಯೆಯ ಕಾರಿಗೆ ಅಲ್ಲಿನ ಕಚೇರಿಯಿಂದ 28ನೇ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇರಿಸುವುದಾದರೆ ಕೆಎಲ್ 14ಕ್ಕೋ ಕೆಎಲ್ 60ಕ್ಕೋ ಬದಲಾಯಿಸಿಕೊಳ್ಳಬೇಕು. ನಮೂನೆಗಳು ಇಂಗ್ಲಿಷಿನವು, ಕಚೇರಿಯ ಮಾತು ಮಲಯಾಳ. ಆದರೆ ಜೊತೆಗಿಡುವ ವಿವರಣಾ ಪತ್ರವನ್ನು ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾನೂನೇ ನೀಡಿದೆ. ಬಳಸದ ಹಕ್ಕು ಓಡಿಸದ ಕಾರಿನಂತೆಯೇ ಜಡ್ಡುಗಟ್ಟುತ್ತದೆ ಎಂಬುದು ನಮ್ಮ ಅನುಭವ.

'ವಿಂಟೇಜ್' ಎಂಬ ಮಾತನ್ನು ಎಲ್ಲರೂ ಧಾರಾಳವಾಗಿ ಬಳಸುತ್ತಾರೆ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗಾದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನ ಮಾತ್ರ ವಿಂಟೇಜ್. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ಬಳಿಕ 'ವಿಎ' ಎಂಬ ಗುರುತು ಬರುತ್ತದೆ. ಹೊಸ ನೋಂದಣಿಗೆ 20,000, ಮರುನೋಂದಣಿಗೆ 5,000 ರೂಪಾಯಿ. ಅವಧಿ ಹತ್ತು ವರ್ಷ. ಆದರೆ ಆ ಬಳಿಕ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ, ಇಷ್ಟಕ್ಕೇ ರಸ್ತೆ. ಪೇಟೆಗೆ, ದೇವಸ್ಥಾನಕ್ಕೆ ಹೋಗಿಬರುವ ಆಸೆಯಿದ್ದವರಿಗೆ ಸಾಮಾನ್ಯ ನವೀಕರಣವೇ ಲೇಸು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮೊದಲ ಮಾರುತಿ 800ಕ್ಕೆ ಈ ಪದವಿ ಬೇಕಿದ್ದರೆ 2033ರ ತನಕ ಕಾಯಬೇಕು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಅಂಬಾಸಿಡರ್‌ಗಳಂತೂ ಇದರಿಂದ ಹೊರಗೆ. ಎಂಜಿನ್, ಚಾಸಿಸ್, ಬಾಡಿಗಳಲ್ಲಿನ ಬದಲಾವಣೆಯನ್ನು ನಿಯಮ ಒಪ್ಪುವುದಿಲ್ಲ. ಸಾಮಾನ್ಯ ನೋಂದಣಿಯ ಕಾರಿನಲ್ಲೂ ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಬದಲಾವಣೆ ಸಲ್ಲದೆಂದು, ಕೇರಳದಿಂದಲೇ ಹೋದ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

ಇನ್ನು ಕೆಲಸದ ಮಾತು. ಬಯಲುಸೀಮೆಯಲ್ಲಿ ಇಪ್ಪತ್ತು ವರ್ಷ ನಿಂತ ಕಾರಿಗೂ ಇಲ್ಲಿ ಐದು ವರ್ಷ ನಿಂತ ಕಾರಿಗೂ ಹೋಲಿಕೆಯಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಪಡುವಣದಿಂದ ಬೀಸುವ ಉಪ್ಪುಗಾಳಿ, ಇವೆರಡೂ ಸೇರಿ ಕಬ್ಬಿಣವನ್ನು ತಿನ್ನುತ್ತವೆ. ಮೇಲಿನ ಬಣ್ಣ ಗಟ್ಟಿಯಾಗಿ ಕಂಡರೂ ಬಾಗಿಲಿನ ಕೆಳಗಿನ ಅಂಚು, ಪಕ್ಕದ ಸಿಲ್, ನೆಲದ ಹಾಳೆ, ಬೂಟಿನ ಮೂಲೆ, ಸ್ಪ್ರಿಂಗ್ ಕೂರುವ ಜಾಗಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಬೇಕು. ಅಂಬಾಸಿಡರ್, ಪದ್ಮಿನಿಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಬೆನ್ನೆಲುಬು. ಆದ್ದರಿಂದ ಸಿಲ್ ಕರಗಿದರೆ ಕಾರಿನ ನಡು ಬಾಗುತ್ತದೆ, ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಜೀಪಿಗೂ ಸ್ಟ್ಯಾಂಡರ್ಡ್ ಹೆರಾಲ್ಡಿಗೂ ಪ್ರತ್ಯೇಕ ಚಾಸಿಸ್ ಇರುವುದರಿಂದ ಬಾಡಿಯನ್ನು ಬಿಚ್ಚಿ ಬೇರೆಯಾಗಿ ದುರಸ್ತಿ ಮಾಡಬಹುದು. ಮೊದಲ ಬಾರಿಗೆ ಕೈಹಾಕುವವರಿಗೆ ಜೀಪು ಒಳ್ಳೆಯ ಗುರು.

ಸಡಿಲಾದ ಬಣ್ಣ ಮತ್ತು ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆದು, ತೂತಾದ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಎರಡು ಆಟಿ ಕಳೆಯುವುದರೊಳಗೆ ಬೊಕ್ಕೆ ಏಳುತ್ತದೆ. ಚಾಸಿಸ್ ಸಂಖ್ಯೆ ಕೊರೆದಿರುವ ಜಾಗದಲ್ಲಿ ಗ್ರೈಂಡರ್ ಆಡಿಸಲೇಬಾರದು. ಆ ಅಂಕಿಗಳು ಅಳಿದರೆ ಕಚೇರಿಯಲ್ಲಿ ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆಯಲಾಗದು, ಕಾರು ಅನಾಥವಾಗುತ್ತದೆ. ಬ್ರಾಕೆಟ್, ಬೋಲ್ಟ್, ಕೊಂಡಿಗಳಂತಹ ಚಿಕ್ಕ ಭಾಗಗಳಿಗೆ ಸುಲಭದ ದಾರಿಯೊಂದಿದೆ. ಪ್ಲಾಸ್ಟಿಕ್ ಬಕೆಟಿನ ನೀರಿಗೆ ಒಂದು ಹಿಡಿ ಬಟ್ಟೆಸೋಡ ಕರಗಿಸಿ, ತುಕ್ಕು ಹಿಡಿದ ಭಾಗಕ್ಕೆ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿಯನ್ನೂ ಬೇಡವಾದ ಕಬ್ಬಿಣದ ತುಂಡಿಗೆ ಪಾಸಿಟಿವ್ ತಂತಿಯನ್ನೂ ಜೋಡಿಸಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಿಟ್ಟರೆ ಮರುದಿನಕ್ಕೆ ತುಕ್ಕು ಕಪ್ಪು ಮಣ್ಣಿನಂತೆ ಉದುರುತ್ತದೆ. ಬೇಡವಾದ ತುಂಡು ಸ್ಟೇನ್‌ಲೆಸ್ ಸ್ಟೀಲಿನದಾಗಿರಬಾರದು. ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಹೊರಡುವ ಅನಿಲ ಜಲಜನಕವಾದ್ದರಿಂದ ತೆರೆದ ಜಗಲಿಯಲ್ಲಿ, ಬೀಡಿ ಬೆಂಕಿಯಿಂದ ದೂರ ಮಾಡಬೇಕು.

ಕಾರಿನ ಕೆಳಗೆ ನುಸುಳುವವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇವೆ. ನಮ್ಮೂರಲ್ಲಿ ಕೈಗೆ ಸಿಗುವುದು ಕೆಂಪುಕಲ್ಲು, ಮನೆ ಕಟ್ಟಿ ಉಳಿದದ್ದು ಎಲ್ಲರ ಹಿತ್ತಿಲಲ್ಲೂ ಇರುತ್ತದೆ. ಚಕ್ರ ಕಳಚಿ ಕಾರನ್ನು ಅದರ ಮೇಲೆ ಕೂರಿಸುವ ಅಭ್ಯಾಸ ಹಳೆಯದು, ಅಪಾಯಕಾರಿಯೂ ಹೌದು. ಗೋಡೆಯ ಭಾರವನ್ನು ಹರಡಿ ಹೊರುವ ಕಲ್ಲು, ಒಂದೇ ಬಿಂದುವಿನಲ್ಲಿ ಲೋಹ ಒತ್ತಿದಾಗ, ಅದರಲ್ಲೂ ಮಳೆ ಕುಡಿದಿದ್ದರೆ, ಮುನ್ಸೂಚನೆಯಿಲ್ಲದೆ ಪುಡಿಯಾಗಬಹುದು. ಸಿಮೆಂಟಿನ ಟೊಳ್ಳು ಇಟ್ಟಿಗೆಯೂ ಹಾಗೆಯೇ. ಅಂಬಾಸಿಡರ್ ಒಂದು ಟನ್ನಿಗೂ ಮಿಕ್ಕಿದ ಭಾರ. ಕಬ್ಬಿಣದ ಆಕ್ಸಲ್ ಸ್ಟ್ಯಾಂಡುಗಳನ್ನು ದಪ್ಪ ಹಲಗೆಯ ಮೇಲಿರಿಸಿ, ನೆಲದಲ್ಲುಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟ ಬಳಿಕವೇ ಕೆಳಗೆ ಹೋಗಬೇಕು. ಜ್ಯಾಕ್ ಎತ್ತಲು ಮಾತ್ರ. ಹೊತ್ತು ನಿಲ್ಲಲು ಅಲ್ಲ.

ಬಹುಕಾಲ ನಿಂತ ಎಂಜಿನ್ನನ್ನು ಬ್ಯಾಟರಿ ಕೊಟ್ಟು ತಟ್ಟನೆ ತಿರುಗಿಸುವ ಆತುರದಲ್ಲಿ ಒಳಗಿನ ರಿಂಗು ಮುರಿದುಕೊಂಡವರಿದ್ದಾರೆ. ಸ್ಪಾರ್ಕ್ ಪ್ಲಗ್‌ಗಳನ್ನು ಕಳಚಿ, ಒಂದೊಂದು ತೂತಿಗೂ ತುಸು ಎಣ್ಣೆ ಬಿಟ್ಟು, ಮೂರು ನಾಲ್ಕು ದಿನ ಕಾದು, ಹ್ಯಾಂಡಲ್ ಹಾಕಿ ಕೈಯಿಂದಲೇ ಮೆಲ್ಲನೆ ತಿರುಗಿಸಬೇಕು. ತಿರುಗಿತೆಂದರೆ ಅರ್ಧ ಗೆದ್ದಂತೆ. ಪೆಟ್ರೋಲಿನ ವಿಷಯ ಬೇರೆ. ಈ ಕಾರುಗಳು ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. 2000ದ ಫೆಬ್ರವರಿಯಿಂದ ದೇಶದಲ್ಲಿ ಅದು ನಿಂತಿತು. ಈಗ ಪಂಪಿನಲ್ಲಿ ಸಿಗುವುದು ಶೇಕಡಾ 20ರ ತನಕ ಎಥನಾಲ್ ಬೆರೆತದ್ದು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಟ್ಯಾಂಕಿನ ತಳದ ಕಿಲುಬನ್ನು ಎಬ್ಬಿಸಿ ಕಾರ್ಬುರೇಟರಿಗೆ ಸಾಗಿಸುತ್ತದೆ. ಆದ್ದರಿಂದ ಇಂಧನದ ಕೊಳವೆಗಳನ್ನೆಲ್ಲ ಎಥನಾಲ್ ತಾಳುವ ಹೊಸದಕ್ಕೆ ಬದಲಿಸಬೇಕು. ಮಳೆಗಾಲದಲ್ಲಿ ಕಾರು ನಿಂತೇ ಇರುವುದಾದರೆ ಜೂನ್ ಮೊದಲೇ ಟ್ಯಾಂಕನ್ನು ಬರಿದುಮಾಡುವುದು ಒಳ್ಳೆಯದು.

ಬ್ರೇಕಿಗೆ ಮಾತ್ರ ಜಿಪುಣತನ ಸಲ್ಲದು. ಚಕ್ರದ ಸಿಲಿಂಡರುಗಳು, ರಬ್ಬರ್ ಹೋಸುಗಳು ಚೆನ್ನಾಗಿ ಕಂಡರೂ ಬದಲಾಗಲಿ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ. ಡ್ರಮ್ಮಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು.

ಬಣ್ಣ ಕೊನೆಯದು. ಅನೇಕರು ಇದನ್ನೇ ಮೊದಲು ಮಾಡಿಸಿ, ಕೈಯಲ್ಲಿದ್ದ ಹಣ ಮುಗಿದು, ಹೊಳೆಯುವ ಆದರೆ ಓಡದ ಕಾರಿನೊಡನೆ ಉಳಿಯುತ್ತಾರೆ. ಈಗಿನ ಎರಡು ಭಾಗ ಬೆರೆಸುವ ಬಣ್ಣಗಳ ಹಬೆಯಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಹಾನಿಕರ. ಬಟ್ಟೆಯ ಮುಖಗವಸು ಅದನ್ನು ತಡೆಯಲಾರದು. ಪ್ರೈಮರಿನ ತನಕ ಮನೆಯಲ್ಲೇ ಮಾಡಿ, ಮೇಲಿನ ಬಣ್ಣಕ್ಕೆ ಸರಿಯಾದ ಬೂತ್ ಇರುವಲ್ಲಿಗೆ ಒಯ್ಯಬಹುದು. ಮೂಲ ಬಣ್ಣ, ಮೂಲ ಅಲಂಕಾರ ಹೇಗಿರುತ್ತಿತ್ತೆಂದು ತಿಳಿಯಲು ದೂರ ಹೋಗಬೇಕಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಂಗ್ರಹವೇ ಇದೆ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈಯ ಪುದುಪೇಟೆಗಳಿವೆ. ಅಂಬಾಸಿಡರ್ 2014ರ ಮೇ ತಿಂಗಳ ತನಕ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದುದರಿಂದ ಅದರ ಸಾಮಾನು ಇನ್ನೂ ಸಿಗುತ್ತದೆ. ಪದ್ಮಿನಿಯದು ಕಷ್ಟ, ಹೆರಾಲ್ಡಿನದು ಇನ್ನೂ ಕಷ್ಟ. ಸಾಮಾನಿಗಿಂತ ವೇಗವಾಗಿ ಮುಗಿಯುತ್ತಿರುವುದು ಕೈಕಸುಬು. ಕಾರ್ಬುರೇಟರನ್ನು ಕಿವಿಯಿಂದಲೇ ಹದಗೊಳಿಸುವ, ತಗಡನ್ನು ಬಡಿದು ಮಡ್‌ಗಾರ್ಡ್ ಮಾಡುವ ಹಿರಿಯ ಮೆಕ್ಯಾನಿಕ್‌ಗಳು, ಟಿಂಕರಿಂಗ್ ಕೆಲಸಗಾರರು ಗಡಿಯ ಎರಡೂ ಬದಿಗಳಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. ತುಳು, ಕನ್ನಡ, ಮಲಯಾಳ, ಬ್ಯಾರಿ ನಾಲ್ಕೂ ಬೆರೆತ ಅವರ ಕಸುಬಿನ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಅಂಥವರೊಬ್ಬರನ್ನು ವಾರಕ್ಕೊಮ್ಮೆ ಮನೆಗೆ ಕರೆಸಿ, ಕೂಲಿ ಕೊಟ್ಟು, ಪಕ್ಕದಲ್ಲಿ ಮಕ್ಕಳನ್ನು ನಿಲ್ಲಿಸಿ, ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ಕಾರಿನ ಜೊತೆ ಇನ್ನೊಂದೂ ಉಳಿಯುತ್ತದೆ.

ವಿಮೆ, ಹೊಗೆ ತಪಾಸಣೆ, ನವೀಕರಣ ಮುಗಿದ ಮೇಲೆ ಮೊದಲ ಓಟಕ್ಕೆ ಷಟ್ಪಥದ ಹೆದ್ದಾರಿ 66 ಬೇಡ. ಅಲ್ಲಿನ ವೇಗಕ್ಕೆ ಈ ಡ್ರಮ್ ಬ್ರೇಕುಗಳು ಹೇಳಿದವಲ್ಲ. ಮಳೆ ಬಿಟ್ಟ ಒಂದು ಬೆಳಗ್ಗೆ, ನಂದಾರಪದವಿನಿಂದ ಹೊರಡುವ ಮಲೆನಾಡು ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರು ಸಾಕು. ಡಿಕ್ಕಿಯಲ್ಲಿ ಎರಡು ಬಾಟಲಿ ನೀರು, ಒಂದು ಫ್ಯಾನ್ ಬೆಲ್ಟ್, ಎಳೆಯಲೊಂದು ಹಗ್ಗ ಇರಲಿ. ಮರಳಿ ಬಂದೊಡನೆ ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿದು ನೋಡಬೇಕು. ಒಂದು ಮಾತ್ರ ಉಳಿದವಕ್ಕಿಂತ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ ಎಂದರ್ಥ. ಮರುದಿನ ಆ ಚಕ್ರವನ್ನು ಮತ್ತೆ ಬಿಚ್ಚಬೇಕು.