ಸುಂಕದ ವಿನಾಯಿತಿ ಮತ್ತು ಜಾಲತಾಟಸ್ಥ್ಯ: ಉದಾರವಾದಿ ನೆಲೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಶಾಸನಗಳನ್ನು ಬಲ್ಲವರಿಗೆ ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಹೊಸತಲ್ಲ. ದಾರಿ ಎಲ್ಲರದಾದರೂ ಕೆಲವರ ಹೇರಿಗೆ ಮಾತ್ರ ಸುಂಕದ ವಿನಾಯಿತಿ ದೊರೆಯುತ್ತಿದ್ದುದು ಕನ್ನಡ ಶಾಸನಗಳಿಂದ ತಿಳಿದುಬರುತ್ತದೆ. 2003ರಲ್ಲಿ ಟಿಮ್ ವೂ ಮುಂದಿಟ್ಟ ಜಾಲತಾಟಸ್ಥ್ಯದ ಪ್ರಶ್ನೆಯೂ ಇಂಥದೇ. ಸಾಗಿಸುವವನು ಸರಕಿನ ಒಡೆಯನ ಮುಖ ನೋಡಿ ದರ ನಿಗದಿಪಡಿಸಬಹುದೇ?

ಫೇಸ್‌ಬುಕ್ಕಿನ 'ಫ್ರೀ ಬೇಸಿಕ್ಸ್' ಆಯ್ದ ತಾಣಗಳನ್ನಷ್ಟೇ ಉಚಿತವಾಗಿ ನೀಡಹೊರಟಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಫೆಬ್ರವರಿ 8ರಂದು ಇಂಥ ದರಭೇದವನ್ನು ನಿಷೇಧಿಸಿತು. ಉಲ್ಲಂಘನೆಗೆ ದಿನಕ್ಕೆ 50,000 ರೂಪಾಯಿ ದಂಡ.

ಉದಾರವಾದಿಗಳಲ್ಲಿ ಈ ಕುರಿತು ಒಮ್ಮತ ಸಾಧ್ಯವಿಲ್ಲ. ನೋಜಿಕ್‌ನ ಸ್ವತ್ತಿನ ಹಕ್ಕಿನ ವಾದವನ್ನು ಒಪ್ಪಿದರೆ ತಂತಿ ಎಳೆದವನಿಗೆ ದರ ಕಟ್ಟುವ ಅಧಿಕಾರವೂ ಇದೆ. ರಾಲ್ಸ್‌ನ (1971) ವಿಚಾರ ಹೆಚ್ಚು ತೊಡಕಿನದು. ಅತ್ಯಂತ ಹಿಂದುಳಿದವರಿಗೆ ಲಾಭವಾಗುವ ಅಸಮಾನತೆಯನ್ನು ಅವನು ಒಪ್ಪುತ್ತಾನೆ. ಹಾಗಿದ್ದಲ್ಲಿ ಬಡವನಿಗೆ ದೊರೆಯುವ ಅರೆ ಜಾಲವೂ ನ್ಯಾಯವೇ ಅನ್ನಿಸಬಹುದು. ಆದರೆ ಮೂಲಭೂತ ಸ್ವಾತಂತ್ರ್ಯಗಳನ್ನು ಆರ್ಥಿಕ ಲಾಭಕ್ಕೆ ಮಾರಿಕೊಳ್ಳಲಾಗದೆಂಬುದೂ ಅವನದೇ ನಿಯಮ. ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಕೇಳುವವನ ಪಾಲೂ ಇದೆಯೆಂದಾದರೆ ಎರಡನೆಯ ಓದೇ ಸರಿ.

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯ ಲಾವಣಿಯೊಂದನ್ನು ಜಾಲಕ್ಕೇರಿಸಿತೆನ್ನೋಣ. ಹಿರೇಕೆರೂರಿನ ಕೇಳುಗನಿಗೆ ಸಿನಿಮಾ ಹಾಡು ಪುಕ್ಕಟೆ, ಲಾವಣಿಗೆ ಮಾತ್ರ ಹಣ ಎಂದಾದರೆ ಅವನ ಆಯ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ಮಿಲ್ ಬಯಸಿದ ಅಭಿಪ್ರಾಯಗಳ ಮುಕ್ತ ಸೆಣಸಾಟ ಅಲ್ಲಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ: ನಿಷೇಧವು ಭೇದವನ್ನು ತಡೆಯುತ್ತದೆಯೇ ಹೊರತು ಸಂಪರ್ಕವಿಲ್ಲದವನಿಗೆ ಸಂಪರ್ಕ ಕೊಡುವುದಿಲ್ಲ, ಆ ಹೊಣೆ ಪ್ರಭುತ್ವದ್ದು.