ಕುರಿ ತರುಬಿದ ಹೊಲ

ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯ ಬದಿಯಲ್ಲಿ ಕುರಿಮಂದೆಗಳು ಕಾಣುತ್ತವೆ. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸೀಮೆಗಳಲ್ಲಿಯೂ ಇದೇ ನೋಟ. ರೈತನು ಕುರಿಗಾರನಿಗೆ ಕಾಳನ್ನೋ ಹಣವನ್ನೋ ಕೊಟ್ಟು ಕೆಲವು ಇರುಳು ತನ್ನ ಹೊಲದಲ್ಲಿ ಕುರಿ ತರುಬಿಸುತ್ತಾನೆ. ಒಂದು ಮುಂಜಾನೆ ಅಂಥ ಮಂದೆಯ ಬಳಿ ನಿಂತಿದ್ದಾಗ ಮೂಗಿಗೆ ಅಡರಿದ ಘಾಟು, ಕನ್ನಡ ಪಾಠ ಹೇಳುವ ನನ್ನನ್ನು ರಸಾಯನಶಾಸ್ತ್ರದ ಪುಸ್ತಕದತ್ತ ಎಳೆಯಿತು.

ಆ ಘಾಟು ಅಮೋನಿಯದ್ದು. ಅದರ ಕಥೆ ಮೊದಲಾಗುವುದು ಪ್ರಾಣಿಯ ಮೈಯೊಳಗೆ. ತಿಂದ ಆಹಾರದ ಪ್ರೋಟೀನು ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಮೈ ಕಟ್ಟಲು ಬಳಸಿ ಉಳಿದದ್ದನ್ನು ಕೊಬ್ಬಿನಂತೆ ಕೂಡಿಡಲು ದೇಹಕ್ಕೆ ಬಾರದು. ಅದನ್ನು ಉರಿಸಿ ಶಕ್ತಿ ಪಡೆಯಬೇಕಾದರೆ ಅದರ ಅಮೈನೋ ಗುಂಪನ್ನು, ಎಂದರೆ ಒಂದು ಸಾರಜನಕ ಮತ್ತು ಎರಡು ಜಲಜನಕ ಪರಮಾಣುಗಳ ಕಟ್ಟನ್ನು, ಕಳಚಬೇಕು. ಬಹುಪಾಲು ಆಮ್ಲಗಳು ಈ ಕಟ್ಟನ್ನು ಕೀಟೋಗ್ಲುಟರೇಟಿನ ಕೈಗೆ ಒಪ್ಪಿಸುತ್ತವೆ. ಅದು ಗ್ಲುಟಮೇಟ್ ಆಗುತ್ತದೆ. ಬಿ6 ಜೀವಸತ್ವದ ನೆರವಿಲ್ಲದೆ ಈ ಹಸ್ತಾಂತರ ನಡೆಯದು. ಅಮೈನೋ ಗುಂಪಿನ ಈ ಹಸ್ತಾಂತರವನ್ನು 1937ರಲ್ಲಿ ಬ್ರೌನ್‌ಸ್ಟೈನ್ ಮತ್ತು ಕ್ರಿಟ್ಸ್‌ಮನ್ ತೋರಿಸಿಕೊಟ್ಟರು. ಗ್ಲುಟಮೇಟ್ ಯಕೃತ್ತಿನಲ್ಲಿ ತನ್ನ ಹೊರೆ ಇಳಿಸಿದಾಗ ಹೊರಬರುವುದೇ ಅಮೋನಿಯ. ಕುರಿಯಂಥ ಮೆಲುಕು ಹಾಕುವ ಪ್ರಾಣಿಗಳಲ್ಲಿ ಹೊಟ್ಟೆಯ ಸೂಕ್ಷ್ಮಜೀವಿಗಳೂ ಈ ಕೆಲಸ ಮಾಡುತ್ತವೆ.

ಅಮೋನಿಯ ವಿಷ. ಯಕೃತ್ತು ಕೆಟ್ಟ ಮನುಷ್ಯನಲ್ಲಿ ಅದು ರಕ್ತದಲ್ಲಿ ಏರಿ ಮಿದುಳಿಗೆ ಮಂಕು ಕವಿಸುತ್ತದೆ. ಮನೆಯವರ ಗುರುತೂ ತಪ್ಪಬಹುದು. ಆರೋಗ್ಯವಂತ ಯಕೃತ್ತಾದರೋ ಅದನ್ನು ನಿರಪಾಯವಾದ ಯೂರಿಯವನ್ನಾಗಿ ಮಾಡಿ ಮೂತ್ರದ ದಾರಿಗೆ ಕಳುಹಿಸುತ್ತದೆ. ಈ ಚಕ್ರವನ್ನು 1932ರಲ್ಲಿ ಕ್ರೆಬ್ಸ್ ಮತ್ತು ಹೆನ್ಸೆಲೈಟ್ ಕಂಡುಹಿಡಿದರು. ರೈತನು ಅಂಗಡಿಯಿಂದ ಚೀಲದಲ್ಲಿ ತರುವ ಯೂರಿಯವೂ ಇದೇ ವಸ್ತು.

ಗಂಜಲದ ಯೂರಿಯ ಮಣ್ಣಿಗೆ ಬಿದ್ದೊಡನೆ ಅಲ್ಲಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಮತ್ತೆ ಅಮೋನಿಯವಾಗತೊಡಗುತ್ತದೆ. ಹಾಗೆಯೇ ಬಿಸಿಲಿಗೆ ಬಿಟ್ಟರೆ ಅದರ ಒಂದು ಪಾಲು ಗಾಳಿಗೆ ಹಾರಿಹೋಗುತ್ತದೆ. ಅಂದು ನನ್ನ ಮೂಗಿಗೆ ಬಡಿದದ್ದು ಹೊಲಕ್ಕೆ ಆಗುತ್ತಿದ್ದ ನಷ್ಟ! ಕುರಿ ಎದ್ದ ಹೊಲಕ್ಕೆ ತಡಮಾಡದೆ ಕುಂಟೆ ಹೊಡೆದು ಮಣ್ಣು ಮುಚ್ಚಿದರೆ ಆ ಸಾರ ನೆಲದಲ್ಲಿ ನಿಲ್ಲುತ್ತದೆ. ನೈಟ್ರೇಟಾಗಿ ಜೋಳದ ಬೇರನ್ನು ಸೇರಿ, ಪೈರಿನಲ್ಲಿ ಮರಳಿ ಅಮೈನೋ ಆಮ್ಲವಾಗುತ್ತದೆ.

ಹೀಗೆ ನಮ್ಮ ತಟ್ಟೆಯ ರೊಟ್ಟಿಯಲ್ಲಿ ಕುರಿಯ ಪಾಲೂ ಇದೆ. ಕುರಿಗಾರನಿಗೆ ಅಳೆದು ಕೊಡುವ ಕಾಳನ್ನು ನಾವು ಕೂಲಿಯೆನ್ನುತ್ತೇವೆ. ಸಾಲ ತೀರಿಸಿದೆವೆಂದರೆ ಹೆಚ್ಚು ಸರಿಯಾದೀತು.