ಎಮ್ಲಿ ಮೂರ್‌ನ ಟವರ್ ಬುಡದಲ್ಲಿ

ಹಡರ್ಸ್‌ಫೀಲ್ಡ್‌ನಿಂದ ಎಮ್ಲಿ ಕಡೆಗೆ ಹೊರಟವರು ದಾರಿ ಕೇಳಬೇಕಾಗಿಯೇ ಇಲ್ಲ. ಇಂಗ್ಲೆಂಡಿನ ಪಶ್ಚಿಮ ಯಾರ್ಕ್‌ಷೈರ್‌ನ ಈ ಗುಡ್ಡಸೀಮೆಯಲ್ಲಿ ದಿಬ್ಬ ಏರಿದಾಗಲೆಲ್ಲ ಎಮ್ಲಿ ಮೂರ್‌ನ ಟಿವಿ ಟವರ್ ಕಣ್ಣಿಗೆ ಬೀಳುತ್ತದೆ. ಹತ್ತಿರ ಹೋದರೆ ಗಾರೆಯಿಲ್ಲದೆ ಕಲ್ಲು ಪೇರಿಸಿದ ಗಿಡ್ಡ ಗೋಡೆಗಳು, ಕುರಿ ಮೇಯುವ ಹುಲ್ಲುಗಾವಲು, ಒಂದಷ್ಟು ಮನೆ. ಟವರಿನೊಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ರಸ್ತೆಯಂಚಿನಲ್ಲಿ ನಿಂತು ಕತ್ತೆತ್ತಿ ನೋಡಬೇಕು.

ಬುಡದಲ್ಲಿ 24 ಮೀಟರ್ ಅಗಲದ ಬೂದು ಕಾಂಕ್ರೀಟ್ ಮೇಲೇರುತ್ತ ಒಳಕ್ಕೆ ಬಾಗಿ, 274 ಮೀಟರ್ ಎತ್ತರದಲ್ಲಿ ಆರು ಮೀಟರಿಗೆ ಇಳಿಯುತ್ತದೆ. ಅದರ ಮೇಲೆ ಆಂಟೆನಾ ಹೊತ್ತ ಉಕ್ಕಿನ ಕಂಬ. ಒಳಗಿನ ಲಿಫ್ಟ್ ಮೇಲೆ ಮುಟ್ಟಲು ಏಳು ನಿಮಿಷ ಬೇಕು. ಎಳೆದು ಹಿಡಿಯುವ ತಂತಿ ಒಂದೂ ಇಲ್ಲ. ಹೀಗೇಕೆ ಕಟ್ಟಿದರು ಎಂಬುದರಲ್ಲೇ ಈ ಜಾಗದ ಚರಿತ್ರೆಯಿದೆ.

ಐಟಿವಿ ಪ್ರಸಾರಕ್ಕೆಂದು 1956ರಲ್ಲಿ ಇಲ್ಲಿ ಎದ್ದದ್ದು 135 ಮೀಟರಿನ ಕಂಬ. ಅದು ಸಾಲದೆ, ಹತ್ತೇ ವರ್ಷದಲ್ಲಿ 385 ಮೀಟರಿನ ಟೊಳ್ಳು ಉಕ್ಕಿನ ಕೊಳವೆ ಬಂತು, ಸುತ್ತಲೂ ಬಿಗಿತಂತಿಗಳು. 1969ರ ಮಾರ್ಚ್ 19ರ ಸಂಜೆ ಐದರ ಹೊತ್ತಿಗೆ ಅದು ಕುಸಿಯಿತು. ತಂತಿಯೊಂದು ಹತ್ತಿರದ ಮೆಥಡಿಸ್ಟ್ ಪ್ರಾರ್ಥನಾಲಯವನ್ನು ಸೀಳಿಹಾಕಿತು. ಯಾರಿಗೂ ಗಾಯವಾಗಲಿಲ್ಲ ಎಂಬುದನ್ನು ಈ ಜಾಗದಲ್ಲಿ ನಿಂತು ನಂಬುವುದೇ ಕಷ್ಟ.

ಕಂಬಕ್ಕೂ ತಂತಿಗಳಿಗೂ ಆಗ ಮಂಜುಗಡ್ಡೆ ಕಟ್ಟಿತ್ತು. ಬಿರುಗಾಳಿಯೇ ಕೆಡವಿರಬೇಕೆಂದು ಯಾರಿಗಾದರೂ ಅನ್ನಿಸೀತು. ತನಿಖೆಯಲ್ಲಿ ತಿಳಿದದ್ದು ಬೇರೆ. ಒಂದೇ ಸಮನೆ ಬೀಸುವ ಸಾಧಾರಣ ಗಾಳಿ ದುಂಡು ಕೊಳವೆಯನ್ನು ದಾಟುವಾಗ ಆಚೆಗೊಮ್ಮೆ ಈಚೆಗೊಮ್ಮೆ ಸುಳಿ ಎಬ್ಬಿಸುತ್ತದೆ. ಆ ಸುಳಿಯ ಲಯವೂ ಕಂಬದ ಓಲಾಟದ ಲಯವೂ ಕೂಡಿದರೆ, ಹದವರಿತು ತಳ್ಳಿದ ಜೋಕಾಲಿಯಂತೆ ಓಲಾಟ ಏರುತ್ತಲೇ ಹೋಗುತ್ತದೆ. ಜೊತೆಗೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕೂತ ಹಿಮದ ಭಾರ. ಇದೇ ಮಾದರಿಯ ಬೆಲ್ಮಾಂಟ್, ವಿಂಟರ್ ಹಿಲ್ ಕಂಬಗಳೊಳಗೆ ಓಲಾಟ ತಡೆಯಲು ಆಮೇಲೆ ಭಾರೀ ಸರಪಳಿ ಇಳಿಬಿಟ್ಟರು. ಕುಸಿತದ ಮೊಕದ್ದಮೆ ಆಗ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. ವಿನ್ಯಾಸದಲ್ಲಿ ನಿರ್ಲಕ್ಷ್ಯವಾಗಿತ್ತೆಂದು 1980ರಲ್ಲಿ ತೀರ್ಪಾಯಿತು.

ಕಂಬ ಬಿದ್ದಾಗ ಲಕ್ಷಾಂತರ ಮನೆಗಳ ಟಿವಿ ಏಕಾಏಕಿ ನಿಂತುಹೋಗಿತ್ತು. ಕೆಲವೇ ದಿನಗಳಲ್ಲಿ ಚಿಕ್ಕ ತುರ್ತು ಕಂಬ, ಏಪ್ರಿಲ್ ಮಧ್ಯಕ್ಕೆ ಸ್ವೀಡನ್‌ನಿಂದ ತರಿಸಿದ 204 ಮೀಟರಿನ ಕಂಬ ನಿಂತವು. ಆ ಇಂಜಿನಿಯರುಗಳ ಓಡಾಟ ನೆನೆದರೆ ಗೌರವ ಮೂಡುತ್ತದೆ. ಕಾಂಕ್ರೀಟ್ ಗೋಪುರ 1971ರಲ್ಲಿ ಪ್ರಸಾರ ಶುರು ಮಾಡಿತು. ಆಗ ಅದರ ಒಟ್ಟು ಎತ್ತರ 330 ಮೀಟರ್. ಬಿದ್ದ ಕೊಳವೆಯ ತುಂಡೊಂದು ಹಡರ್ಸ್‌ಫೀಲ್ಡ್‌ನ ಹಾಯಿದೋಣಿ ಕ್ಲಬ್ಬಿಗೆ ಸ್ಪರ್ಧೆ ನಿಯಂತ್ರಿಸುವ ಗೋಪುರವಾಯಿತು. 2002ರಲ್ಲಿ ಟವರ್ ಸಂರಕ್ಷಿತ ಕಟ್ಟಡಗಳ ಪಟ್ಟಿ ಸೇರಿತು. ಸೇತುವೆ, ಚರ್ಚುಗಳ ಸಾಲಿನಲ್ಲಿ ಟಿವಿ ಟವರಿಗೂ ಜಾಗ ಸಿಕ್ಕಿದ್ದು ನ್ಯಾಯವೇ.

2011ರಲ್ಲಿ ಅನಲಾಗ್ ಟಿವಿ ನಿಂತು ಎಲ್ಲವೂ ಡಿಜಿಟಲ್ ಆಯಿತು. ಆಮೇಲೆ ಮೊಬೈಲ್ ಸೇವೆಗಳಿಗೆ 700 ಮೆಗಾಹರ್ಟ್ಸ್ ಪಟ್ಟಿ ಬಿಟ್ಟುಕೊಡಬೇಕಾಗಿ ಬಂದು, ತುದಿಯ ಆಂಟೆನಾ ಬದಲಿಸುವುದು ಅನಿವಾರ್ಯವಾಯಿತು. ಆ ಕೆಲಸಕ್ಕೆಂದು 2018ರಲ್ಲಿ ಗೋಪುರದ ಪಕ್ಕದಲ್ಲಿ ಜಾಲರಿ ಕಂಬವೊಂದನ್ನು ಎಬ್ಬಿಸಿದರು: 317 ಮೀಟರ್, ಮತ್ತೆ ಬಿಗಿತಂತಿಗಳ ಆಸರೆ. ಈ ಸಲ ದುಂಡು ಕೊಳವೆಯಲ್ಲ, ಗಾಳಿ ಹಾದುಹೋಗುವ ಜಾಲರಿ. 1969ರಲ್ಲಿ ಕಂಬ ಬಿದ್ದಮೇಲೆ ಬದಲಿಗೆ ಹುಡುಕಾಡಿದ್ದರು; ಈ ಸಲ ಬದಲಿ ಕಂಬ ನಿಲ್ಲಿಸಿ, ಪ್ರಸಾರವನ್ನು ಅದರ ಹೆಗಲಿಗೆ ದಾಟಿಸಿ, ಆಮೇಲೆ ಹಳೆಯ ಆಂಟೆನಾಕ್ಕೆ ಕೈಹಾಕಿದರು. ಮನೆಯವರ ಪಾಲಿಗೆ ಉಳಿದದ್ದು ಟಿವಿಯನ್ನು ಮತ್ತೊಮ್ಮೆ ಟ್ಯೂನ್ ಮಾಡಿಕೊಳ್ಳುವ ಕೆಲಸ.